ಕಾಂಗೋ ನದಿ ವರ್ಷವಿಡೀ ತುಂಬಿ ಹರಿಯುವುದು ಹೇಗೆ?

ಇದು ಸಮಭಾಜಕ ವೃತ್ತವನ್ನು ಎರಡು ಸಲ ದಾಟುವ ನದಿ. ಗುಟ್ಟು ಇರುವುದು ಅಲ್ಲೇ. ಉತ್ತರದಲ್ಲಿ ಮಳೆ ನಿಂತು ಅಲ್ಲಿನ ಉಪನದಿ ಉಬಾಂಗಿ ಸೊರಗಿದಾಗ, ದಕ್ಷಿಣದ ಮಳೆಯಿಂದ ಇನ್ನೊಂದು ಉಪನದಿ ಕಸಾಯ್ ತುಂಬಿ ಬರುತ್ತದೆ. ಹಾಗಾಗಿ ಏರಿಳಿತ ಇದ್ದರೂ ನದಿ ಬತ್ತುವುದಿಲ್ಲ. ಸರಾಸರಿ ಸೆಕೆಂಡಿಗೆ ಸುಮಾರು 40,000 ಘನ ಮೀಟರ್ ನೀರು! ಇದಕ್ಕಿಂತ ಜಾಸ್ತಿ ನೀರಿರುವುದು ಅಮೆಜಾನ್‌ನಲ್ಲಿ ಮಾತ್ರ.

ಮೇಲ್ಭಾಗದಲ್ಲಿ ಇದರ ಹೆಸರು ಲುವಾಲಾಬಾ, ಹರಿಯುವುದು ಉತ್ತರಕ್ಕೆ. ಕಿಸಂಗಾನಿ ನಗರದ ನಂತರ ಪಶ್ಚಿಮಕ್ಕೆ ಹೊರಳುತ್ತದೆ. ಅಲ್ಲಿಂದ ಕಿನ್ಶಾಸಾದವರೆಗೆ ದೋಣಿಗಳ ದಾರಿ. ಕಾಡಿನ ಕೊಳೆತ ಎಲೆಗಳಿಂದಾಗಿ ನೀರಿಗೆ ಕಡು ಚಹಾದ ಬಣ್ಣ, ಮೇಲೆ ತೇಲುವ ಅಂತರಗಂಗೆಯ ಹಸಿರು ಗುಂಪುಗಳು. ನನಗಂತೂ ಈ ಶಾಂತ ಭಾಗವೇ ಇಷ್ಟ. ಕಿನ್ಶಾಸಾ ದಾಟಿದರೆ ಕಥೆಯೇ ಬೇರೆ. ಲಿವಿಂಗ್‌ಸ್ಟನ್ ಜಲಪಾತಗಳಲ್ಲಿ ಬಂಡೆಗೆ ಬಡಿದು ಧುಮ್ಮಿಕ್ಕುತ್ತಾ ಅಟ್ಲಾಂಟಿಕ್ ಕಡೆಗೆ ಇಳಿಯುತ್ತದೆ.