ಓದುಗರ ಪ್ರಶ್ನೆ: ಭಾಷಣ ಕೇಳಿ ಹುಡುಗ್ರು ಕುಡಿಯೋದು ಬಿಡ್ತಾರಾ?

ಪ್ರಶ್ನೆ: ಸರ್, ನಮ್ಮ ಬಡಾವಣೆಲಿ ಹೈಸ್ಕೂಲು, ಕಾಲೇಜು ಓದೋ ಹುಡುಗ್ರು ಸಂಜೆ ಆದ್ರೆ ಕಟ್ತಾ ಇರೋ ಬಿಲ್ಡಿಂಗ್ ಒಳಗೆ ಸೇರ್ಕೊಂಡು ಬಿಯರ್ ಕುಡೀತಾರೆ, ಇಬ್ಬರು ಗಾಂಜಾನೂ ಶುರು ಮಾಡಿದಾರಂತೆ. ಸಂಘದವರು ಪೊಲೀಸ್ ಅಧಿಕಾರಿನ ಕರೆಸಿ ಭಾಷಣ ಮಾಡ್ಸೋಣ, ಹಾಳಾದ ಲಿವರ್ ಫೋಟೋ ತೋರ್ಸೋಣ ಅಂತಿದಾರೆ. ಉಪಯೋಗ ಆಗುತ್ತಾ?

ಉತ್ತರ: ಭಾಷಣ ಬೇಡ ಅನ್ನಲ್ಲ, ಆದ್ರೆ ಅಷ್ಟಕ್ಕೇ ಕೈ ತೊಳ್ಕೊಂಡ್ರೆ ಏನೂ ಆಗಲ್ಲ. ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ 1983ರಲ್ಲಿ ಮಕ್ಕಳನ್ನ ಡ್ರಗ್ಸ್‌ನಿಂದ ದೂರ ಇಡೋಕೆ ಡೇರ್ ಅಂತ ಒಂದು ಕಾರ್ಯಕ್ರಮ ಶುರುವಾಯ್ತು, ಪೊಲೀಸರೇ ಕ್ಲಾಸಿಗೆ ಬಂದು ಪಾಠ ಮಾಡೋರು, ದೇಶಪೂರ್ತಿ ಹಬ್ಬಿತು, ಆಮೇಲೆ ಸಂಶೋಧಕರು ಕೂತು ಲೆಕ್ಕ ಹಾಕಿದ್ರೆ ಪಾಠ ಕೇಳಿದ ಮಕ್ಕಳಿಗೂ ಕೇಳದವರಿಗೂ ಹೇಳ್ಕೊಳ್ಳೋ ಅಂಥ ವ್ಯತ್ಯಾಸನೇ ಇರ್ಲಿಲ್ಲ. ಇನ್ನು ಲಿವರ್ ಫೋಟೋ! ಹದಿನಾರರ ಹುಡುಗನಿಗೆ ಅದು ಯಾರೋ ಮುದುಕರ ಲಿವರ್ ಅಷ್ಟೇ.

ಐಸ್‌ಲ್ಯಾಂಡ್ ಏನು ಮಾಡ್ತು ನೋಡಿ. 1998ರಲ್ಲಿ ಅಲ್ಲಿ 15-16 ವಯಸ್ಸಿನವರಲ್ಲಿ 42% ಮಕ್ಕಳು ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿದ್ದೋರು, 2016ಕ್ಕೆ ಅದು 5%ಗೆ ಇಳೀತು. ಅವರು ಮಕ್ಕಳನ್ನ ಹೆದರಿಸೋಕೆ ಹೋಗ್ಲಿಲ್ಲ, ಮಕ್ಕಳ ಸಂಜೆ ಹೇಗೆ ಕಳೆಯುತ್ತೆ ಅನ್ನೋದನ್ನೇ ಬದಲಾಯಿಸಿದ್ರು. ಆಟ, ಸಂಗೀತ, ಡ್ಯಾನ್ಸ್ ಕಲಿಯೋಕೆ ಸರ್ಕಾರದ ದುಡ್ಡು, ರಾತ್ರಿ ಇಷ್ಟೊತ್ತಿನ ಮೇಲೆ ಮಕ್ಕಳು ಬೀದೀಲಿ ಇರಬಾರದು ಅಂತ ಕಾನೂನು, ಅಪ್ಪ ಅಮ್ಮಂದಿರೇ ಸೇರಿ ನಮ್ಮ ಮಕ್ಕಳಿಗೆಲ್ಲ ಒಂದೇ ರೂಲ್ಸು ಅಂತ ಒಪ್ಪಂದ. ಈ ಕೊನೇದು ನೀವು ನಾಳೆನೇ ಮಾಡಬಹುದು, ಯಾಕಂದ್ರೆ 'ಅವರ ಮನೇಲಿ ಬಿಡ್ತಾರೆ, ನೀವೇ ಹಿಂಗೆ' ಅನ್ನೋ ವಾದ ಅಲ್ಲಿಗೇ ಮುಗಿಯುತ್ತೆ.

ಸಂಘದಲ್ಲಿ ಮೊದಲು ಕೇಳ್ಕೊಳ್ಳಿ, ಈ ಹುಡುಗ್ರಿಗೆ ಬಾಟ್ಲಿ ತಂದುಕೊಡ್ತಿರೋದು ಯಾರು? ಎಷ್ಟೋ ಸಲ ಗೊತ್ತಿರೋ ದೊಡ್ಡವರೇ ಆಗಿರ್ತಾರೆ. ಆ ಬಿಲ್ಡಿಂಗಿಗೆ ಗೇಟು ಹಾಕ್ಸಿ ಲೈಟ್ ಹಾಕ್ಸಿ, ಆದ್ರೆ ಬರೀ ಗೇಟು ಹಾಕಿದ್ರೆ ಪಕ್ಕದ ಬೀದಿಗೆ ಹೋಗ್ತಾರೆ, ಸಂಜೆ ಹೊತ್ತು ಸೇರೋಕೆ ಬೇರೆ ಜಾಗನೂ ಕೊಡಬೇಕು, ಏನು ಬೇಕು ಅಂತ ಅವರನ್ನೇ ಕೂರಿಸ್ಕೊಂಡು ಕೇಳಿ. (ಸಂಘದ ಫಂಕ್ಷನ್ ಮುಗಿದ್ಮೇಲೆ ಟೆರೇಸಲ್ಲಿ ಹಿರಿಯರ ಗುಂಡು ಪಾರ್ಟಿ ನಡೆಯುತ್ತಾ? ಹುಡುಗ್ರು ಅದನ್ನೂ ನೋಡ್ತಿರ್ತಾರೆ ಸ್ವಾಮಿ.) ಗಾಂಜಾ ಸೇದೋ ಇಬ್ಬರ ಹೆಸರನ್ನ ಮೀಟಿಂಗಲ್ಲಿ ಎತ್ತಲೇಬೇಡಿ. ಅವರಿಗೆ ಬೇಕಿರೋದು ಕೌನ್ಸೆಲಿಂಗು, ವಿಷಯ ಮನೆಯವರ ಹತ್ರ ಮಾತ್ರ ಹೇಳಿ.

ಪ್ರಶ್ನೆ: ಮಗನಿಗೆ 15. ಹೊರಗೆ ಕದ್ದು ಕುಡಿಯೋ ಬದಲು ಮನೇಲೇ ಕಣ್ಮುಂದೆ ಸ್ವಲ್ಪ ಕೊಟ್ರೆ ಒಳ್ಳೇದಲ್ವಾ ಅಂತಾರೆ ನಮ್ಮನೆಯವರು.

ಉತ್ತರ: ಬೇಡಮ್ಮ. ಆಸ್ಟ್ರೇಲಿಯಾದಲ್ಲಿ ಸುಮಾರು 1900 ಮಕ್ಕಳನ್ನ ಆರು ವರ್ಷ ಗಮನಿಸಿದ್ರು, ಮನೇಲಿ ಕೊಟ್ಟಿದ್ದರಿಂದ ಯಾವ ರಕ್ಷಣೆನೂ ಕಾಣ್ಲಿಲ್ಲ, ಮನೇಲಿ ಕುಡಿಯೋಕೆ ಸಿಕ್ಕ ಮಕ್ಕಳು ಹೊರಗಿಂದನೂ ತರಿಸ್ಕೊಂಡು ಕುಡಿಯೋದೇ ಜಾಸ್ತಿ ಆಯ್ತು. ಇಲ್ಲ ಅಂತ ಇಬ್ಬರೂ ಒಂದೇ ಮಾತು ಹೇಳಿ. ಹಾಗಂತ ಕುಡಿದು ಬಂದ ರಾತ್ರೀನೇ ಬಾಗ್ಲಲ್ಲಿ ಜಗಳ ತೆಗೀಬೇಡಿ, ಮಗ್ಗುಲಾಗಿ ಮಲಗಿಸಿ ಹತ್ರನೇ ಇರಿ, ಎಬ್ಬಿಸಿದ್ರೂ ಏಳದೇ ಇದ್ರೆ ತಕ್ಷಣ ಆಸ್ಪತ್ರೆಗೆ, ಇಲ್ಲಾಂದ್ರೆ ಬೈಗುಳ ಏನಿದ್ರೂ ಬೆಳಿಗ್ಗೆಗೆ.