ಅಮೆರಿಕದ ಹುಡುಗಿ, ನಮ್ಮ ಶೇಂಗಾ ಹಿಂಡಿ

ಓದುಗರ ಪ್ರಶ್ನೆಗಳಿಗೆ ಬಳ್ಳಾರಿಯ ನಿವೃತ್ತ ಶಿಕ್ಷಕಿಯೊಬ್ಬರ ಉತ್ತರ

ಪ್ರಶ್ನೆ: ಅಕ್ಕಾ, ನಮಸ್ಕಾರ. ಹಿರೇಬೆಣಕಲ್ ಗುಡ್ಡದ ಮೇಲಿನ ಹಳೇ ಕಲ್ಲುಮನೆಗಳ ಬಗ್ಗೆ ಅಧ್ಯಯನ ಮಾಡಲು ಬಂದ ಅಮೆರಿಕದ ಹುಡುಗಿ ಎರಡು ತಿಂಗಳಿಂದ ನಮ್ಮ ಮನೆಯಲ್ಲಿದ್ದಾಳೆ. ಒಳ್ಳೆಯವಳೇ. ಆದರೆ ಸಂಜೆ ಬಂದ ಕೂಡಲೇ ಕೋಣೆ ಬಾಗಿಲು ಹಾಕಿಕೊಳ್ಳುತ್ತಾಳೆ. ಒಂದು ಲೋಟ ನೀರು ಕೊಟ್ಟರೂ ಥ್ಯಾಂಕ್ಯೂ ಅನ್ನುತ್ತಾಳೆ, ಹೊರಗಿನವರಿಗೆ ಹೇಳಿದ ಹಾಗೆ. ಮೊನ್ನೆ ಇಬ್ಬರೂ ಆಟೋದಲ್ಲಿ ಪೇಟೆಗೆ ಹೋಗಿದ್ದೆವು. 80 ರೂಪಾಯಿ ನಾನೇ ಕೊಟ್ಟೆ. ರಾತ್ರಿ ನೋಡಿದರೆ 40 ರೂಪಾಯಿ ಎಣಿಸಿ ಟೇಬಲ್ ಮೇಲೆ ಇಟ್ಟಿದ್ದಾಳೆ. ನಮ್ಮ ಯಜಮಾನರಿಗೆ ತುಂಬಾ ಬೇಜಾರಾಯಿತು. ನಮ್ಮಿಂದ ಏನಾದರೂ ತಪ್ಪಾಗಿದೆಯಾ?
ಒಬ್ಬ ಗೃಹಿಣಿ, ಗಂಗಾವತಿ

ಉತ್ತರ: ನಿಮ್ಮಿಂದ ಏನೂ ತಪ್ಪಾಗಿಲ್ಲ ತಾಯಿ. ಅವಳಿಂದಲೂ ಆಗಿಲ್ಲ.

ನಮ್ಮ ಕಡೆ ಹಗಲು ಹೊತ್ತು ಬಾಗಿಲು ಹಾಕಿದೆ ಅಂದರೆ ಒಂದೋ ಹುಷಾರಿಲ್ಲ, ಇಲ್ಲಾ ಮನೆಯಲ್ಲಿ ಜಗಳ. ಅವಳ ಊರಲ್ಲಿ ಹಾಗಲ್ಲ. ಅಮೆರಿಕದ ಎಷ್ಟೋ ಮನೆಗಳಲ್ಲಿ ಕೂಸು ಇನ್ನೂ ತೊಟ್ಟಿಲಲ್ಲಿರುವಾಗಲೇ ಅದಕ್ಕೆ ಬೇರೆ ಕೋಣೆ. ಬಾಗಿಲು ಮುಚ್ಚಿ ಒಬ್ಬಳೇ ಕೂರುವುದು ಅವಳಿಗೆ ನಾವು ಜಗಲಿಗೆ ಬಂದು ಕಾಲು ಚಾಚಿದ ಹಾಗೆ. ದಿನವಿಡೀ ಬಿಸಿಲಲ್ಲಿ ಗುಡ್ಡ ಹತ್ತಿ ಇಳಿದಿರುತ್ತಾಳೆ. ಅದರ ಮೇಲೆ ಬೆಳಗಿನಿಂದ ಅರ್ಧ ಬರುವ ಭಾಷೆಯಲ್ಲೇ ಮಾತಾಡಿರುತ್ತಾಳೆ. ಅದರ ದಣಿವು ಗುಡ್ಡ ಹತ್ತಿದ ದಣಿವಿಗಿಂತ ಜಾಸ್ತಿ. ನಮ್ಮ ಮನೆಯಲ್ಲೂ ಹತ್ತು ತಿಂಗಳು ಒಬ್ಬ ಅಮೆರಿಕದ ವಿದ್ಯಾರ್ಥಿನಿ ಇದ್ದಳು. ಇದನ್ನು ನಾನು ಅವಳಿಂದಲೇ ಕಲಿತೆ.

ನೀವು ಒಂದು ಕೆಲಸ ಮಾಡಿ. "ಏಳು ಗಂಟೆಗೆ ಎಲ್ಲರೂ ಕೂತು ಚಹಾ ಕುಡೀತೀವಿ, ನೀನೂ ಬಾರವ್ವ" ಅಂತ ಬಾಯಿ ಬಿಟ್ಟು ಹೇಳಿ. ಅವಳೇ ತಿಳಿದುಕೊಳ್ಳಲಿ ಅಂತ ಕಾಯಬೇಡಿ. ಹೇಳದೆ ತಿಳಿಯುವುದು ನಮ್ಮ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಮಾತ್ರ. ಏಳರವರೆಗಿನ ಹೊತ್ತು ಅವಳದು, ಬಿಟ್ಟುಬಿಡಿ.

ಇನ್ನು ಥ್ಯಾಂಕ್ಯೂ. ಅಲ್ಲಿ ಮಕ್ಕಳಿಗೆ ಮಾತು ಬರುವಾಗಲೇ ಪ್ಲೀಸ್, ಥ್ಯಾಂಕ್ಯೂ ಕಲಿಸುತ್ತಾರೆ. ಹೆತ್ತ ತಾಯಿ ಉಪ್ಪಿನ ಡಬ್ಬಿ ದಾಟಿಸಿದರೂ ಥ್ಯಾಂಕ್ಯೂ ಹೇಳಬೇಕು. ಹೇಳದಿದ್ದರೆ ಮನೆಯವರೇ ಗದರುತ್ತಾರೆ. ಹಾಗಾಗಿ ಅವಳು ನಿಮ್ಮನ್ನು ದೂರ ಇಡುತ್ತಿಲ್ಲ, ತಾಯಿಗೆ ಹೇಳಿದ ಹಾಗೆಯೇ ಹೇಳುತ್ತಿದ್ದಾಳೆ. ನಮ್ಮಲ್ಲಿ ಆ ಮರ್ಯಾದೆ ಎಲ್ಲಿದೆ ಗೊತ್ತಾ? ಮಾತಿನ ಕೊನೆಯ 'ರಿ'ಯಲ್ಲಿದೆ. ಕೊಡ್ರಿ, ಕುಂದರ್ರಿ, ಬರ್ತೀನ್ರಿ. ಬೇರೆ ಪ್ಲೀಸ್ ಬೇಕಾಗಿಯೇ ಇಲ್ಲ. ಇಂಗ್ಲಿಷ್‌ನಲ್ಲಿ ನೀನು, ನೀವು ಎರಡಕ್ಕೂ ಒಂದೇ ಪದ. ಅದಕ್ಕೇ ಏನೋ ಅವರಿಗೆ ಥ್ಯಾಂಕ್ಯೂ ಅಷ್ಟು ಬೇಕಾಗುತ್ತದೆ. ಅವಳಿಗೆ ಈ 'ರಿ' ಕಲಿಸಿ. ನಮ್ಮ ಮನೆ ಹುಡುಗಿ ಅದನ್ನು ಕಲಿತ ದಿನ ನಮ್ಮ ಅತ್ತೆಗೆ "ಚಹಾ ತಗೋರಿ" ಅಂದಳು. ಅತ್ತೆ ಆ ಚಹಾ ಆರುವವರೆಗೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು.

ದುಡ್ಡಿನ ವಿಷಯಕ್ಕೂ ಬೇಜಾರು ಬೇಡ. ಅಲ್ಲಿ ಗೆಳೆಯರು ಹೋಟೆಲಿಗೆ ಹೋದರೂ ಬಿಲ್ ಹಂಚಿಕೊಳ್ಳುತ್ತಾರೆ. ಇನ್ನೊಬ್ಬರಿಗೆ ಭಾರ ಆಗಬಾರದು ಅನ್ನುವುದೇ ಅವರ ಮರ್ಯಾದೆ. ಆ 40 ರೂಪಾಯಿ ವಾಪಸ್ ಕೊಟ್ಟು, "ಮುಂದಿನ ಸಲ ಆಟೋಕ್ಕೆ ನೀನು ಕೊಡು" ಅನ್ನಿ. ಇಬ್ಬರಿಗೂ ಸಮಾಧಾನ.

ಒಂದು ಮಾತು ಕೇಳಲೇಬೇಕು. ವಿದೇಶದವರು ಮನೆಯಲ್ಲಿ ಇಳಿದುಕೊಂಡರೆ 24 ಗಂಟೆಯೊಳಗೆ ಮನೆಯವರು ಆನ್‌ಲೈನ್‌ನಲ್ಲಿ ಅವರ ವಿವರದ ಫಾರ್ಮ್ ತುಂಬಬೇಕು, ಮೊದಲು ಇದನ್ನು ಫಾರ್ಮ್ ಸಿ ಅನ್ನುತ್ತಿದ್ದರು. ಇದು ಹೋಟೆಲಿನವರಿಗೆ ಮಾತ್ರ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ನೀವು ತುಂಬಿಲ್ಲದಿದ್ದರೆ ನಾಳೆಯೇ ಎಸ್‌ಪಿ ಕಚೇರಿಗೆ ಹೋಗಿ ವಿಚಾರಿಸಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಇರುವ ಅಮೆರಿಕದ ವಿದ್ಯಾರ್ಥಿನಿಗೆ ಶೇಂಗಾ ಆಗುವುದಿಲ್ಲವಂತೆ. ನಮ್ಮದು ಉತ್ತರ ಕರ್ನಾಟಕದ ಅಡುಗೆ, ಶೇಂಗಾ ಇಲ್ಲದೆ ಯಾವ ಪಲ್ಯ ಆಗುತ್ತದೆ ಹೇಳಿ? "ಸ್ವಲ್ಪ ಸ್ವಲ್ಪ ಹಾಕಿದರೆ ಮೈಗೆ ರೂಢಿಯಾಗುತ್ತದೆ, ಗೊತ್ತಾಗದ ಹಾಗೆ ಪುಡಿ ಮಾಡಿ ಹಾಕು" ಅಂತ ನಮ್ಮ ಅತ್ತೆ ಹೇಳುತ್ತಾರೆ. ಹಾಕಬಹುದಾ?
ಒಬ್ಬ ಸೊಸೆ, ಕೊಪ್ಪಳ

ಉತ್ತರ: ಬೇಡ. ಒಂದು ಚಿಟಿಕೆಯೂ ಬೇಡ. ಈ ಪತ್ರ ಓದಿದಾಗ ನನ್ನ ಎದೆ ಝಲ್ಲೆಂದಿತು. ಪತ್ರಿಕೆ ಕೈಗೆ ಬರುವವರೆಗೆ ಕಾಯುವುದು ಬೇಡ ಅಂತ ನಿಮಗೆ ಆಗಲೇ ಫೋನ್ ಮಾಡಿಸಿದೆ. ಬೇರೆ ಮನೆಗಳಿಗೂ ಗೊತ್ತಾಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಇದು ನಾಲಿಗೆಯ ಚಪಲ ಅಲ್ಲ, ಹಠವೂ ಅಲ್ಲ. ಶೇಂಗಾ ಅಲರ್ಜಿ ಇರುವ ಕೆಲವರಿಗೆ ಒಂದೇ ಕಾಳಿನಿಂದ ತುಟಿ, ನಾಲಿಗೆ ಊದಿಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಎಲ್ಲ ಕೆಲವೇ ನಿಮಿಷದಲ್ಲಿ. ಅಮೆರಿಕದಲ್ಲಿ ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರೆ ಅಂದರೆ, ಪ್ಯಾಕೆಟ್ ತಿಂಡಿಯಲ್ಲಿ ಶೇಂಗಾ ಹಾಕಿದ್ದರೆ ಲೇಬಲ್ ಮೇಲೆ ಬರೆಯಲೇಬೇಕು ಅಂತ 2004ರಲ್ಲಿ ಕಾನೂನೇ ಮಾಡಿದರು. ಅವಳು ಚಿಕ್ಕಂದಿನಿಂದ ಲೇಬಲ್ ಓದಿ ಬೆಳೆದವಳು. ನಮ್ಮ ಮನೆಯ ಹಿಂಡಿ, ಅಂದರೆ ಚಟ್ನಿಪುಡಿಯ ಡಬ್ಬಿಗೆ ಲೇಬಲ್ ಎಲ್ಲಿದೆ? ನಿಮ್ಮ ಮಾತೇ ಅವಳಿಗೆ ಲೇಬಲ್. ಗೊತ್ತಾಗದ ಹಾಗೆ ಹಾಕುವುದು ಅಂದರೆ ಆ ಮಾತನ್ನೇ ಸುಳ್ಳು ಮಾಡಿದ ಹಾಗೆ. ಸ್ವಲ್ಪ ಸ್ವಲ್ಪವೇ ಕೊಟ್ಟು ರೂಢಿ ಮಾಡಿಸುವ ಚಿಕಿತ್ಸೆ ಇದೆ, ನಿಜ. ಅದನ್ನು ತಜ್ಞ ವೈದ್ಯರು ಅಳತೆ ಮಾಡಿ, ಎದುರಿಗೇ ಕೂರಿಸಿಕೊಂಡು ಕೊಡುತ್ತಾರೆ. ಅಡುಗೆಮನೆಯಲ್ಲಿ ಮಾಡುವ ಕೆಲಸ ಅಲ್ಲ.

ನಮ್ಮ ಮನೆಯಲ್ಲಿದ್ದ ಅಮೆರಿಕದ ಹುಡುಗಿಗೂ ಇದೇ ಅಲರ್ಜಿ ಇತ್ತು. ಬಂದ ದಿನವೇ ಹೇಳಿದ್ದಳು, ನಾವೂ ಹುಷಾರಾಗಿದ್ದೆವು. ಆದರೂ ಒಂದು ಸಂಜೆ ಕೂದಲೆಳೆಯಲ್ಲಿ ತಪ್ಪಿತು. ಅವಳು ಕನ್ನಡ ಕಲಿತದ್ದು ಮೈಸೂರಿನಲ್ಲಿ. ಅಲ್ಲಿ ಅದಕ್ಕೆ ಕಡಲೆಕಾಯಿ ಅನ್ನುತ್ತಾರೆ. ಸತ್ಯನಾರಾಯಣಪೇಟೆಯಲ್ಲಿ ಮಂಡಕ್ಕಿ ಗಾಡಿ ಮುಂದೆ ನಿಂತು, "ಇದಕ್ಕೆ ಕಡಲೆಕಾಯಿ ಹಾಕುತ್ತೀರಾ?" ಅಂತ ಚೆನ್ನಾಗಿಯೇ ಕೇಳಿದಳು. ಗಾಡಿಯವನು, "ಇಲ್ಲಮ್ಮ, ಕಡಲಿ ಹಾಕಲ್ಲ. ಬರೀ ಪುಟಾಣಿ, ಶೇಂಗಾ ಅಷ್ಟೇ" ಅಂದ. ಪಾಪ, ಅವನು ಸುಳ್ಳು ಹೇಳಲಿಲ್ಲ. ನಮ್ಮ ಕಡೆ ಕಡಲಿ ಅಂದರೆ ಬೇರೆಯೇ ಕಾಳು. ಅವಳಿಗೆ ಶೇಂಗಾ ಅನ್ನುವ ಪದವೇ ಗೊತ್ತಿರಲಿಲ್ಲ. 'ಇಲ್ಲಮ್ಮ' ಮಾತ್ರ ಕೇಳಿಸಿಕೊಂಡು ನಕ್ಕಳು, ಪೊಟ್ಟಣ ತಗೊಂಡಳು. ನಾನು ಪಕ್ಕದಲ್ಲಿ ಕೊತ್ತಂಬರಿ ಚೌಕಾಸಿ ಮಾಡುತ್ತಿದ್ದೆ. ತಿರುಗಿ ನೋಡಿದರೆ ಹಿಡಿ ಮಂಡಕ್ಕಿ ಬಾಯಿ ಹತ್ತಿರ ಹೋಗಿದೆ. ಕೈ ಹಿಡಿದು ಎಳೆದೆ, ಮಂಡಕ್ಕಿಯೆಲ್ಲಾ ರಸ್ತೆಗೆ ಚೆಲ್ಲಿತು. ಯಾಕೆ ಬೈಯುತ್ತಿದ್ದಾರೆ ಅಂತ ಅವಳು ಗಾಬರಿಯಾದಳು. ಪೊಟ್ಟಣದಿಂದ ಒಂದು ಕಾಳು ತೆಗೆದು ಅಂಗೈ ಮೇಲಿಟ್ಟು ತೋರಿಸಿದೆ. ಕೆಂಪು ಸಿಪ್ಪೆ, ಎರಡು ಹೋಳು. ಅವಳ ಮುಖ ಬಿಳುಚಿಕೊಂಡಿತು. ನಲ್ಲಿ ನೀರಲ್ಲಿ ಇಬ್ಬರೂ ಎಷ್ಟೋ ಹೊತ್ತು ಕೈ ತೊಳೆದೆವು.

ಆ ರಾತ್ರಿಯೇ ಒಂದು ಚೀಟಿ ಬರೆದುಕೊಟ್ಟೆ. "ಶೇಂಗಾ, ಕಡಲೆಕಾಯಿ, ಕಡಲೆಬೀಜ ತಿಂದರೆ ನನ್ನ ಜೀವಕ್ಕೆ ಅಪಾಯ" ಅಂತ. ಬಳ್ಳಾರಿ ಅಲ್ವಾ, ಕೆಳಗೆ ತೆಲುಗಿನ ಪಲ್ಲೀಲು, ಉರ್ದುವಿನ ಮೂಂಗ್‌ಫಲಿ ಕೂಡ ಸೇರಿಸಿದೆ. ನೀವೂ ಬರೆದುಕೊಡಿ.

ಅಡುಗೆಯಲ್ಲಿ ಎಲ್ಲೆಲ್ಲಿ ನೋಡಬೇಕು ಅಂತಲೂ ಹೇಳುತ್ತೇನೆ. ಎಣ್ಣೆಗಾಯಿ, ಹಿಂಡಿ, ಹೋಳಿಗೆ ನಮಗೆ ತಟ್ಟನೆ ನೆನಪಾಗುತ್ತವೆ. ಮರೆಯುವುದು ಬೇರೆ ಕಡೆ. ಸಂಕ್ರಾಂತಿಯ ಎಳ್ಳುಬೆಲ್ಲ, ಅವಲಕ್ಕಿ, ಚಿತ್ರಾನ್ನ, ಪಕ್ಕದ ಮನೆಯಿಂದ ಬಂದ ಪ್ರಸಾದ. ಗಾಣದ ಶೇಂಗಾ ಎಣ್ಣೆಯೂ ಆಗದು, ಅದರಲ್ಲಿ ಕಾಳಿನ ಅಂಶ ಉಳಿದಿರುತ್ತದೆ. ಅದೇ ಮಿಕ್ಸಿ ಜಾರ್, ಅದೇ ಸೌಟು ಬಳಸಿದರೂ ಅಪಾಯವೇ. ಅವಳಿಗೆ ಬೇರೆ ಜಾರ್ ಇಡಿ. ಗಿರಣಿಯಲ್ಲಿ ಕುಟ್ಟಿಸಿದ ಪುಡಿ ಬೇಡ. ಅಲ್ಲಿ ಹಿಂದಿನವರು ಏನು ಕುಟ್ಟಿಸಿದ್ದರೋ ಯಾರಿಗೆ ಗೊತ್ತು. ಗುರೆಳ್ಳು, ಅಗಸಿ, ಒಣಕೊಬ್ಬರಿ ಆಗುತ್ತವೆಯೇ ಅಂತ ಅವಳನ್ನೇ ಕೇಳಿ. ಆಗುತ್ತದೆ ಅಂದರೆ ಮನೆಯಲ್ಲೇ ಹುರಿದು ಪುಡಿ ಮಾಡಿ. ನಾನು ಗುರೆಳ್ಳು ಹಾಕಿ ಮಾಡಿದ ಎಣ್ಣೆಗಾಯಿಯನ್ನು ನಮ್ಮ ಮನೆಯವರು ಈಗಲೂ ಕೇಳಿ ಮಾಡಿಸಿಕೊಳ್ಳುತ್ತಾರೆ. ಗವಿಮಠದ ಜಾತ್ರೆಗೆ ಕರೆದುಕೊಂಡು ಹೋಗಿ, ತೇರು ತೋರಿಸಿ. ಬುತ್ತಿ ಮಾತ್ರ ಮನೆಯಿಂದಲೇ ಕಟ್ಟಿ.

ಅವಳ ಹತ್ತಿರ ಅಲರ್ಜಿ ಜೋರಾದಾಗ ತಕ್ಷಣ ಚುಚ್ಚುವ ಅಡ್ರಿನಲಿನ್ ಇಂಜೆಕ್ಷನ್ ಪೆನ್ ಇದೆಯಾ, ಎಲ್ಲಿಟ್ಟಿದ್ದಾಳೆ ಅಂತ ಇವತ್ತೇ ಕೇಳಿ. ಬಳಸುವುದು ಹೇಗೆ ಅಂತ ಮನೆಯವರೆಲ್ಲ ಅವಳಿಂದಲೇ ಕಲಿಯಿರಿ, ಅತ್ತೆಯವರೂ. ತೊಡೆಯ ಹೊರಬದಿಗೆ ಒತ್ತಬೇಕು, ಬಟ್ಟೆಯ ಮೇಲೆಯೇ ಆಗುತ್ತದೆ. ಆಮೇಲೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಲೇಬೇಕು, ಸುಧಾರಿಸಿದ ಹಾಗೆ ಕಂಡರೂ. ಪೆನ್ ಬಿಸಿಲಿಗೆ ಕೆಡುತ್ತದೆ. ಹಾಗಂತ ಫ್ರಿಜ್‌ನಲ್ಲೂ ಇಡಬಾರದು. ಮನೆಯ ತಂಪಾದ ಮೂಲೆಯಲ್ಲಿರಲಿ, ಹೊರಗೆ ಹೋದರೆ ಅವಳ ಚೀಲದಲ್ಲಿರಲಿ.

ಅತ್ತೆಯವರ ಮೇಲೆ ಸಿಟ್ಟಾಗಬೇಡಿ. ಅವರ ಕಾಲದಲ್ಲಿ ಈ ಮಾತು ಕೇಳಿದವರಿಲ್ಲ. ಆ ಪೆನ್ ಅವರ ಕೈಗೆ ಕೊಟ್ಟು ತೋರಿಸಿ, ಸಾಕು.

ಪ್ರಶ್ನೆ: ನಮಸ್ಕಾರ. ನಾನು ಬೋಸ್ಟನ್‌ನವಳು, ರಾಯಚೂರಿನಲ್ಲಿ ಓದುತ್ತಿದ್ದೇನೆ. ಎಲ್ಲರೂ "ಊಟ ಆಯ್ತಾ?" ಎಂದು ಕೇಳುತ್ತಾರೆ. ಇಲ್ಲ ಎಂದರೆ ಒಳಗೆ ಕರೆಯುತ್ತಾರೆ. ಏನು ಹೇಳಬೇಕು? ನವೆಂಬರಿನಲ್ಲಿ ನಮ್ಮ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಇಲ್ಲಿ ಯಾರಿಗೂ ಗೊತ್ತಿಲ್ಲ. ಆ ದಿನ ಹೇಗೆ ಕಳೆಯಲಿ?
ಒಬ್ಬ ವಿದ್ಯಾರ್ಥಿನಿ, ರಾಯಚೂರು

ಉತ್ತರ: ಎಷ್ಟು ಚಂದ ಕನ್ನಡ ಬರೆದಿದ್ದೀಯಮ್ಮ! ನಿಮ್ಮಲ್ಲಿ "ಹೌ ಆರ್ ಯೂ" ಅಂದ ಹಾಗೆ ಇಲ್ಲಿ "ಊಟ ಆಯ್ತಾ". ಹಸಿವಿಲ್ಲದಿದ್ದರೆ "ಆತ್ರೀ, ನಿಮ್ದು?" ಅನ್ನು. ಹಸಿವಾಗಿದ್ದರೆ ಇಲ್ಲ ಅಂತಲೇ ಹೇಳು, ಒಳಗೆ ಹೋಗು. ಅವರು ಸುಮ್ನೆ ಕರೆಯುವುದಿಲ್ಲ. ಸಾಕಾದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿ. ಖಾಲಿ ತಟ್ಟೆ ಕಂಡರೆ ಇನ್ನೊಂದು ರೊಟ್ಟಿ ಬಂದೇ ಬರುತ್ತದೆ.

ಹಬ್ಬದ ವಿಷಯ ಮನೆಯವರಿಗೆ ಹೇಳಿದ್ದೀಯಾ? ನೀನು ಹೇಳದೆ ಅವರಿಗೆ ಗೊತ್ತಾಗುವುದು ಹೇಗೆ? ನವೆಂಬರ್ ನಾಲ್ಕನೇ ಗುರುವಾರ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತೋರಿಸು. ಟರ್ಕಿ ಕೋಳಿ ಇಲ್ಲಿ ಸಿಗುವುದು ಕಷ್ಟ. ಸಿಹಿಗುಂಬಳ ಬೇಕಾದಷ್ಟು ಸಿಗುತ್ತದೆ. ಓವನ್ ಇಲ್ಲದಿದ್ದರೆ ಪೈ ಬೇಡ, ಅದನ್ನೇ ಬೆಲ್ಲ ಹಾಕಿ ಬೇಯಿಸಿ ಕಡುಬು ಮಾಡೋಣ ಅಂತ ಮನೆಯ ಅಮ್ಮನನ್ನು ಕೇಳು. ಖಂಡಿತ ಒಪ್ಪುತ್ತಾರೆ.

ಆ ಹೊತ್ತಿಗೆ ನಿಮ್ಮ ಗಡಿಯಾರ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಬೋಸ್ಟನ್‌ನಲ್ಲಿ ಮಧ್ಯಾಹ್ನ ಒಂದಕ್ಕೆ ಊಟಕ್ಕೆ ಕೂತರೆ ರಾಯಚೂರಿನಲ್ಲಿ ರಾತ್ರಿ ಹನ್ನೊಂದೂವರೆ. ನಿದ್ದೆಗೆಟ್ಟು ವಿಡಿಯೋ ಕಾಲ್ ಮಾಡು. ಮನೆಯ ಅಮ್ಮನನ್ನೂ ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೋ. ನಿಮ್ಮ ತಾಯಿಗೆ ಆ ಕಡುಬು ತೋರಿಸು.