ಬಲೆಗೆ ಬಿದ್ದ ಜೀವಿ ಎಷ್ಟು ಆಳದ್ದು ಅಂತ ಹೇಗೆ ಗೊತ್ತಾಗುತ್ತೆ?

ಮಂಜೇಶ್ವರದಿಂದ ನೀವು ಕೇಳಿದ್ದು ಒಳ್ಳೆಯ ಪ್ರಶ್ನೆ. ಬಲೆ ಇಳಿಯುವಾಗ, ಏರುವಾಗ ಎಲ್ಲ ಆಳದ ಜೀವಿಗಳೂ ಸಿಗುತ್ತವಲ್ಲ, 500 ಮೀಟರಿನಲ್ಲಿ ಇದೇ ಇತ್ತು ಅಂತ ಹೇಗೆ ಹೇಳ್ತಾರೆ ಅಂತ. ನಮ್ಮ ಬೋಟಿನವರ ಟ್ರಾಲ್ ಬಲೆಯಲ್ಲಿ ಹೇಳಲು ಆಗುವುದಿಲ್ಲ. ಅದರ ಬಾಯಿ ತೆರೆದೇ ಇರುತ್ತದೆ.

ಅದಕ್ಕೇ ಮೋಕ್ನೆಸ್ ಎಂಬ ಸಾಧನ ಇದೆ. ಒಂದೇ ಚೌಕಟ್ಟಿನಲ್ಲಿ ಹಲವು ಬಲೆಗಳು. ಹಡಗಿನಿಂದ ಕೇಬಲ್ ಮೂಲಕ ಸಂಕೇತ ಕೊಟ್ಟರೆ ಒಂದು ಮುಚ್ಚಿ ಮುಂದಿನದು ತೆರೆಯುತ್ತದೆ. ಆಗಿನ ಆಳ, ಉಷ್ಣತೆ ಎಲ್ಲ ದಾಖಲಾಗುತ್ತದೆ. ಒಂದೊಂದು ಆಳದ್ದು ಒಂದೊಂದು ಡಬ್ಬಿಯಲ್ಲಿ ಬೇರೆಯಾಗಿ ಸಿಗುತ್ತದೆ.

ಹೊತ್ತೂ ಮುಖ್ಯ. 200ರಿಂದ 1000 ಮೀಟರಿನ ಮಬ್ಬು ಬೆಳಕಿನ ಪದರದ ಎಷ್ಟೋ ಜೀವಿಗಳು ಸಂಜೆ ಮೇಲೇರಿ, ಬೆಳಗಾಗುವಾಗ ಮತ್ತೆ ಇಳಿಯುತ್ತವೆ. ಲ್ಯಾಂಟರ್ನ್ ಮೀನು ಹಾಗೆಯೇ. ಹೆಚ್ಚಿನವು ಬೂತಾಯಿಗಿಂತ (ಸಾರ್ಡೀನ್ ಮೀನು) ಚಿಕ್ಕವು, ಹೊಟ್ಟೆಯ ಉದ್ದಕ್ಕೂ ಬೆಳಗುವ ಚುಕ್ಕಿಗಳ ಸಾಲು. ಬಲೆಯಲ್ಲಿ ಉಜ್ಜಿ ಹುರುಪೆ ಎಲ್ಲ ಕಿತ್ತುಹೋಗಿರುತ್ತದೆ. ಹಾಗಾಗಿ ಹಗಲೂ ರಾತ್ರಿಯೂ ಬಲೆ ಎಳೆಯದೆ ಲೆಕ್ಕ ಸರಿಯಾಗದು.

ಬಲೆಯೊಂದನ್ನೇ ನಂಬಬೇಡಿ. ಜೆಲ್ಲಿಯಂಥ ಜೀವಿಗಳು ಚೂರಾಗುತ್ತವೆ, ವೇಗದ ಬೊಂಡಾಸ್ (ಸ್ಕ್ವಿಡ್) ತಪ್ಪಿಸಿಕೊಳ್ಳುತ್ತದೆ. ಶಬ್ದ ಕಳಿಸಿ ಅದರ ಪ್ರತಿಧ್ವನಿಯಿಂದ ಜೀವಿಗಳನ್ನು ಪತ್ತೆಮಾಡುವ ಎಕೋ ಸೌಂಡರಿನಲ್ಲೂ ಮೋಸ ಉಂಟು: ಗಾಳಿಚೀಲ ಇರುವ ಪುಟ್ಟ ಸೈಫನೋಫೋರ್ (ಜೆಲ್ಲಿಯಂಥ ಒಂದು ಜೀವಿ) ಕೂಡ ಮೀನಿನಷ್ಟೇ ಜೋರಾಗಿ ಪ್ರತಿಧ್ವನಿ ಕೊಡಬಹುದು. ಅದಕ್ಕೇ ಕ್ಯಾಮೆರಾ, ಜೀವಿಗಳಿಂದ ನೀರಿನಲ್ಲಿ ಉಳಿದ ಡಿಎನ್ಎ ಎರಡನ್ನೂ ಜೊತೆಗೆ ನೋಡುತ್ತಾರೆ.

ನಿಮ್ಮ ತಂಗಿಗೆ ಇದೇ ವಿಷಯದಲ್ಲಿ ಓದುವ ಆಸೆ ಅಂದಿರಿ. ಕೊಚ್ಚಿಯ ಸಿಎಂಎಲ್ಆರ್‌ಇ ಎಂಬ ಸಮುದ್ರಜೀವಿಗಳ ಅಧ್ಯಯನ ಸಂಸ್ಥೆಯೇ ಸಾಗರ್ ಸಂಪದ ಎಂಬ ಸಂಶೋಧನಾ ಹಡಗನ್ನು ನಡೆಸುವುದು. ಮೊದಲು ಅಲ್ಲಿ ವಿಚಾರಿಸಲಿ.